ಹೊತ್ತು ಅಂದರೆ ಎಷ್ಟು

ಹೊಸ ಮಿಕ್ಸಿ ಮನೆಗೆ ಬಂದರೆ ನಾವು ನೀವೆಲ್ಲ ಏನು ಮಾಡುತ್ತೇವೆ? ಡಬ್ಬ ಹರಿದು, ವೈರು ಪ್ಲಗ್ಗಿಗೆ ಸಿಕ್ಕಿಸಿ, ಗುರ್ ಅನ್ನಿಸಿ ನೋಡುತ್ತೇವೆ. ಜೊತೆಗೆ ಬಂದ ಪುಸ್ತಕ ಯಾವ ಮೂಲೆ ಸೇರಿತೋ ದೇವರಿಗೇ ಗೊತ್ತು. ಪುಸ್ತಕದಕ್ಕ ಹಾಗಲ್ಲ. ಗಂಡ ಹಸಿದು ಕೂತಿದ್ದರೂ ಸರಿ, ಮೊದಲ ಪುಟದಿಂದ ಹಿಡಿದು ಕೊನೆಯಲ್ಲಿರುವ ರಿಪೇರಿಯವರ ಫೋನ್ ನಂಬರಿನ ತನಕ ಓದಿ ಮುಗಿಸಿದ ಮೇಲೇ ಸ್ವಿಚ್ಚಿಗೆ ಕೈ. ಕೆಮ್ಮಿನ ಔಷಧಿಯ ಡಬ್ಬದೊಳಗೆ ಮಡಚಿಟ್ಟಿರುತ್ತಾರಲ್ಲ, ಕಣ್ಣು ಕಿತ್ತುಹೋಗುವಷ್ಟು ಸಣ್ಣ ಅಕ್ಷರದ ಚೀಟಿ, ಅದನ್ನೂ ಬಿಟ್ಟವಳಲ್ಲ. "ಇವಳು ಚಪ್ಪಲಿ ಡಬ್ಬದ ಮೇಲೆ ಬರೆದಿರೋದನ್ನೂ ಓದ್ತಾಳೆ ಮಾರಾಯ್ರೇ," ಅಂತ ಗಂಡ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದ. ಹೆಸರು ಹಾಗೆ ಅಂಟಿಕೊಂಡಿತು. ಊರಿನ ನೀರು ಶುದ್ಧ ಮಾಡುವ ಘಟಕದಲ್ಲಿ ಗೇಟಿನ ಕಾವಲುಗಾರನಿಂದ ದೊಡ್ಡ ಸಾಹೇಬರ ತನಕ ಎಲ್ಲರಿಗೂ ಅವಳು ಪುಸ್ತಕದಕ್ಕ.

ಅವಳು ಅಲ್ಲಿಗೆ ಸೇರಿದ್ದು ಟೈಪ್ ಮಾಡುವ ಕೆಲಸಕ್ಕೆ. ಆಗ ಕಂಟ್ರೋಲ್ ರೂಮಿನಲ್ಲಿ ಒಬ್ಬ ಹಿರಿಯ ಎಂಜಿನಿಯರ್ ಇದ್ದರು. ಪಾಠ ಹೇಳಿದವರಲ್ಲ, ಆದರೂ ಬೈಯುವ ರೀತಿಗೆ ಜನ ಮೇಷ್ಟ್ರು ಅನ್ನುತ್ತಿದ್ದರು. ಪಂಪು, ವಾಲ್ವು, ನೀರಿನ ಮಟ್ಟ, ಎಲ್ಲವನ್ನೂ ನೋಡಿಕೊಳ್ಳುವ ಪ್ರೋಗ್ರಾಮನ್ನು ಅವರೊಬ್ಬರೇ ಕೂತು ಬರೆದಿದ್ದರು. ಟೈಪ್ ಮಾಡಲು ಬಂದ ಹುಡುಗಿ ಪದೇ ಪದೇ ಹೆಗಲ ಮೇಲಿಂದ ಇಣುಕುವುದನ್ನು ಕಂಡು, "ಸುಮ್ನೆ ಇಣುಕಬೇಡ, ಕೂತ್ಕೊಂಡು ಕಲಿ," ಅಂತ ಗದರಿದರು. ಅವಳು ಕಲಿತಳು. ಮೇಷ್ಟ್ರು ನಿವೃತ್ತರಾದ ಮೇಲೆ ಆ ಕುರ್ಚಿ ಅವಳದಾಯಿತು.

ಆ ಕೋಣೆಯನ್ನು ನೀವು ನೋಡಬೇಕಿತ್ತು. ಅರ್ಧ ನೆಲದೊಳಗೆ, ಅರ್ಧ ಮೇಲೆ. ಕಿಟಕಿಯಲ್ಲಿ ಆಕಾಶ ಕಾಣುವುದಿಲ್ಲ, ಹೋಗಿಬರುವವರ ಪಾದ ಕಾಣುತ್ತದೆ. ಒಂದು ಗೋಡೆಯ ಆ ಕಡೆಗೆ ದೊಡ್ಡ ತೊಟ್ಟಿ. ಎರಡಂತಸ್ತಿನ ಮನೆ ಮುಳುಗುವಷ್ಟು ಆಳ, ಯಾವಾಗಲೂ ತುಂಬಿರುತ್ತದೆ. ಆ ಗೋಡೆಗೆ ಕೈ ಇಟ್ಟರೆ ಬೇಸಿಗೆಯಲ್ಲೂ ಹೆಣದ ಹಾಗೆ ತಣ್ಣಗೆ. ಹೊಸಬರು ಯಾರೂ ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿರಲಿಲ್ಲ. ಅಕ್ಕ ವರ್ಷಗಟ್ಟಲೆ ಕೂತಳು.

ಮೇಜಿನ ಮೇಲಿದ್ದ ಕಂಪ್ಯೂಟರಿಗೆ ಸನ್ಯಾಸಿ ಅಂತ ಹೆಸರು. ಒಳಗಿದ್ದು ಅದನ್ನು ನಡೆಸುವುದು ವಿಂಡೋಸ್ ಅಲ್ಲ, ಲಿನಕ್ಸ್. ಇಂಟರ್ನೆಟ್ಟಿನ ಸಂಬಂಧ ಅದಕ್ಕೆ ಇಲ್ಲವೇ ಇಲ್ಲ, ಇರಕೂಡದು. ಹೊರಗಿನ ಯಾವನೋ ತಲೆಕೆಟ್ಟವನು ತಂತಿಯ ಮೂಲಕ ಊರಿನ ನೀರಿಗೆ ಕೈ ಹಾಕಬಾರದು ಅಂತ ಮೇಲಿನವರ ಕಟ್ಟಪ್ಪಣೆ. ಫೋನನ್ನೂ ಬಾಗಿಲ ಹೊರಗಿನ ಗೂಡಿನಲ್ಲಿ ಇಟ್ಟೇ ಒಳಗೆ ಬರಬೇಕು. ಹಾಗಾಗಿ ಸನ್ಯಾಸಿಗೆ ಲೋಕದ ಸುದ್ದಿಯೇ ಗೊತ್ತಿಲ್ಲ. ಕೂಡಿಸಿದ ದಿನ ಏನು ಹಾಕಿದ್ದರೋ ಅದೇ ಅವನ ಆಸ್ತಿ.

ಇನ್ನು ಗಾಳಿಯ ವಿಷಯ. ಗಾಳಿ ಅಂದರೆ ಅಕ್ಕನ ತಮ್ಮ. ನಡೆದು ಗೊತ್ತಿಲ್ಲದ, ಎಲ್ಲಿಗೂ ಓಡಿಯೇ ಹೋಗುವ ಪ್ರಾಣಿ. ಅವ್ವ ಕೆಲಸಕ್ಕೆ ಹೋಗುತ್ತಿದ್ದಳು, ಇವನ ಮೂಗು ಒರೆಸಿ, ತಲೆ ಬಾಚಿ ಶಾಲೆಗೆ ಅಟ್ಟಿದವಳು ಅಕ್ಕ. ಬೆಳೆದ ಮೇಲೆ ಯಾವ ಕೆಲಸದಲ್ಲೂ ನಿಲ್ಲಲಿಲ್ಲ. ಕೊನೆಗೆ ಅಕ್ಕನೇ ಸಾಹೇಬರ ಹತ್ತಿರ ಮಾತಾಡಿ ಘಟಕದಲ್ಲಿ ತೊಟ್ಟಿ ತೊಳೆಯುವ ಕೆಲಸ ಕೊಡಿಸಿದಳು. ಅದರಲ್ಲಿ ನಿಂತ. ಮದುವೆಯೂ ಆಯಿತು, ಒಂದು ಹೆಣ್ಣು ಮಗುವೂ ಆಯಿತು. "ನಮ್ಮ ಮನೆ ಅನ್ನ ಅಕ್ಕನ ಪುಣ್ಯ," ಅಂತ ಅವನ ಹೆಂಡತಿ ಹೇಳುತ್ತಿದ್ದಳು. ಅಕ್ಕನಿಗೆ ಅದು ಕೇಳಿದಾಗೆಲ್ಲ ಹಿತವಾಗುತ್ತಿತ್ತು, ಸುಳ್ಳು ಯಾಕೆ ಹೇಳಬೇಕು.

ತೊಟ್ಟಿ ತೊಳೆಯುವುದು ಅಂದರೆ ನೀರನ್ನೆಲ್ಲ ಖಾಲಿ ಮಾಡಿ, ಗೋಡೆಯ ಏಣಿ ಹಿಡಿದು ತಳಕ್ಕೆ ಇಳಿದು, ಮೊಣಕಾಲುದ್ದದ ಕೆಸರನ್ನು ಬಾಚುವುದು. ಅವನು ಕೆಳಗಿರುವಷ್ಟು ಹೊತ್ತೂ ನೀರು ಬರುವ ಬಾಗಿಲು ಮುಚ್ಚಿರಬೇಕು. ಹಿಂದೆ ಅದಕ್ಕೊಂದು ಕಬ್ಬಿಣದ ಚಕ್ರ ಇತ್ತು. ತಿರುಗಿಸಿ ಮುಚ್ಚಿ, ಸರಪಳಿ ಬಿಗಿದು, ಬೀಗ ಜಡಿದು, ಬೀಗದ ಕೈಯನ್ನು ಇಳಿಯುವವನೇ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅವನು ಮೇಲೆ ಬರುವ ತನಕ ಯಾವ ದೊರೆ ಬಂದರೂ ಬಾಗಿಲು ತೆಗೆಯುವ ಹಾಗಿಲ್ಲ. ಎಂಥ ಸರಳ, ಎಂಥ ಗಟ್ಟಿ ವ್ಯವಸ್ಥೆ ನೋಡಿ.

ಆ ಚಕ್ರ ತುಕ್ಕು ಹಿಡಿದು ತಿರುಗದಾಯಿತು. ಅದರ ಜಾಗಕ್ಕೆ ಮೋಟಾರಿನ ಬಾಗಿಲು ಬಂತು. ಚಕ್ರ ಗುಜರಿಗೆ, ಅದರ ಹಿಂದೆಯೇ ಸರಪಳಿಯೂ ಗುಜರಿಗೆ. ಹೊಸ ಬಾಗಿಲಿಗೆ ಒಂದು ಗುಣ: ಊರಿಗೆ ನೀರು ತಪ್ಪಬಾರದು ಅಂತ, ಅದನ್ನು ಅದರ ಪಾಡಿಗೆ ಬಿಟ್ಟರೆ ತೆರೆದುಕೊಳ್ಳುತ್ತದೆ. ಮುಚ್ಚಿರಬೇಕಾದರೆ ಸನ್ಯಾಸಿ ಅದನ್ನು ತಡೆದು ಹಿಡಿದಿರಬೇಕು. ಇನ್ನು ಮೇಲೆ ತಳದಲ್ಲಿರುವವನ ಜೀವ ಜೇಬಿನ ಬೀಗದ ಕೈಯಲ್ಲಿಲ್ಲ, ಪ್ರೋಗ್ರಾಮಿನ ಒಂದು ಸಾಲಿನಲ್ಲಿದೆ. ಆ ಸಾಲು ಬರೆಯಬೇಕಾದವಳು ಅಕ್ಕ. ಸಾಹೇಬರು ಹೇಳಿದ ಕ್ಷಣವೇ ಅವಳು ಸನ್ಯಾಸಿಯ ಮುಂದೆ ಹೋಗಿ ಕೂತಳು.

ಹುಡುಕಿದರೆ ಮೇಷ್ಟ್ರ ಪ್ರೋಗ್ರಾಮಿನ ಮೂಲೆಯಲ್ಲಿ ಅಂಥದ್ದೊಂದು ಸಾಲು ಆಗಲೇ ಇತ್ತು. ಎಂದೋ ಮುಂದಾಲೋಚನೆಯಿಂದ ಬರೆದಿಟ್ಟು, ಸರಪಳಿ ಇದ್ದದ್ದರಿಂದ ಒಮ್ಮೆಯೂ ಬಳಸದೆ ಬಿಟ್ಟದ್ದು. ಮೋಟಾರು ನಡೆಸಲು ಬೇರೆ ಯಾರೋ ಬರೆದು ಹಂಚಿದ ಸಿದ್ಧ ಆಜ್ಞೆಗಳ ಕಟ್ಟು ಒಂದಿರುತ್ತದೆ, ಅದಕ್ಕೆ ಲೈಬ್ರರಿ ಅನ್ನುತ್ತಾರೆ. ಆ ಸಾಲು ಅದನ್ನು ಕರೆದು 'ತಡೆ' ಅನ್ನುತ್ತದೆ. ಎಷ್ಟು ಕಾಲ ತಡೆಯಬೇಕು ಅನ್ನುವ ಸಂಖ್ಯೆಗೆ ಮೇಷ್ಟ್ರು ಇಟ್ಟ ಹೆಸರು 'ಹೊತ್ತು'. ತಡೆ, ಕಂಸದೊಳಗೆ ಹೊತ್ತು. ಅಷ್ಟೇ. ಅಲ್ಲಪ್ಪಾ, ಹೊತ್ತು ಅಂದರೆ ಎಷ್ಟು? ಗಂಟೆಯೇ, ನಿಮಿಷವೇ, ಸೆಕೆಂಡೇ? ನಮ್ಮ ಭಾಷೆಯಲ್ಲಿ ಅರೆಗಳಿಗೆಯೂ ಹೊತ್ತೇ, ಅರ್ಧ ದಿನವೂ ಹೊತ್ತೇ. 'ಈಗ ಬಂದೆ, ಸ್ವಲ್ಪ ಹೊತ್ತು' ಅಂತ ಹೋದ ಗಂಡ ಯಾವಾಗ ಬರುತ್ತಾನೆ ಅಂತ ಯಾವ ಹೆಂಡತಿಯನ್ನಾದರೂ ಕೇಳಿ ನೋಡಿ.

ಅಕ್ಕ ಮೇಷ್ಟ್ರನ್ನೇ ಕೇಳಲು ಹೋದಳು. ಅವರು ಮಗಳ ಮನೆಯಲ್ಲಿದ್ದರು. ನೆನಪು ಪೂರ್ತಿ ಕೈಕೊಟ್ಟಿತ್ತು. ಇವಳನ್ನು ಕಂಡು ಅಂಚೆಯವಳು ಅಂದುಕೊಂಡರು.

"ಮೇಷ್ಟ್ರೇ, ನೀವು ತಡೆ ಅಂತ ಬರೆದಿದೀರಲ್ಲ, ಅದರಲ್ಲಿ ಹೊತ್ತು ಅಂದ್ರೆ ಎಷ್ಟು?"

ಮುದುಕರ ಕಣ್ಣು ಒಂದು ಗಳಿಗೆ ಬೆಳಗಿತು. "ಹೊತ್ತು ಅಂದ್ರೆ ಹೊತ್ತೇ ಕಣಮ್ಮಾ. ಆಗೋ ತನಕ," ಅಂದರು. ಆಮೇಲೆ ಅವಳ ಕೈ ಗಟ್ಟಿಯಾಗಿ ಹಿಡಿದು, "ಒಳಗೆ ಯಾರಾದ್ರೂ ಇದಾರಾ?" ಅಂತ ಕೇಳಿದರು. ಮಗಳು ಬಂದು ಕೈ ಬಿಡಿಸಿದಳು. ಬಸ್ಸಿನಲ್ಲಿ ವಾಪಸು ಬರುವಾಗ ಅಕ್ಕ ದಾರಿಯುದ್ದಕ್ಕೂ ಆ ಮಣಿಕಟ್ಟು ಉಜ್ಜಿಕೊಳ್ಳುತ್ತ ಕೂತಿದ್ದಳು.

ಇನ್ನು ಉಳಿದ ದಾರಿ ಒಂದೇ, ಪುಸ್ತಕ. ಆ ಲೈಬ್ರರಿಗೆ ಕೈಪಿಡಿ ಇದ್ದೇ ಇರುತ್ತದೆ. ಸನ್ಯಾಸಿಯ ಮುಂದೆ ಕೂತು ಕೇಳಿದಳು. 'ಈ ವಿಷಯದ ಪುಟ ನನ್ನಲ್ಲಿಲ್ಲ' ಅಂದಿತು ಪರದೆ. ಕೂಡಿಸಿದವರು ಜಾಗ ಉಳಿಸಲು ಕೈಪಿಡಿಗಳನ್ನೇ ಹಾಕಿರಲಿಲ್ಲ. ಊಟ ಬಡಿಸಿ ನೀರಿಡದೆ ಹೋಗುವ ಜನ ಇರುತ್ತಾರೆ, ಏನು ಮಾಡುವುದು. ಪುಸ್ತಕದಕ್ಕನಿಗೆ ಅದು ಅವಮಾನದ ಹಾಗೆ ತಟ್ಟಿತು. ಇಷ್ಟು ವರ್ಷ ತಾನು ಕೂತ ಯಂತ್ರದಲ್ಲಿ ಪುಸ್ತಕವೇ ಇಲ್ಲ! ಒಂದಲ್ಲ, ಬೇಕಾದ ಕೈಪಿಡಿಗಳನ್ನೆಲ್ಲ ತಂದು ಸನ್ಯಾಸಿಗೆ ಹಾಕಿಯೇ ತೀರುತ್ತೇನೆ ಅಂತ ಪಣ ತೊಟ್ಟಳು.

ಸಾಹೇಬರು ಒಂದು ಪೆನ್‌ಡ್ರೈವಿಗೆ ಒಪ್ಪಿಗೆ ಕೊಟ್ಟರು. ಇಂಟರ್ನೆಟ್ ಇದ್ದದ್ದು ಮೇಲಿನ ಮಹಡಿಯ ಆಫೀಸಿನ ಹೊಸ ಕಂಪ್ಯೂಟರಿನಲ್ಲಿ. ಅದೂ ಲಿನಕ್ಸೇ. ಅಲ್ಲಿ ಕೈಪಿಡಿಗಳನ್ನು ಇಳಿಸಿಕೊಂಡು, ಪೆನ್‌ಡ್ರೈವಿಗೆ ತುಂಬಿ, ಮೆಟ್ಟಿಲಿಳಿದು ಬಂದು ಸನ್ಯಾಸಿಗೆ ಚುಚ್ಚಿದಳು. ಅಷ್ಟಕ್ಕೆ ಮುಗಿಯಿತೇ? ಒಬ್ಬ ನೆಂಟನನ್ನು ಕರೆದರೆ, ನನ್ನ ಭಾವಮೈದ ಬಾರದೆ ನಾನು ಬರೋದಿಲ್ಲ ಅನ್ನುತ್ತಾನಲ್ಲ, ಹಾಗೆ. ಈ ಕೈಪಿಡಿ ಹಾಕಬೇಕಾದರೆ ಪುಟ ತೋರಿಸುವ ಪ್ರೋಗ್ರಾಮಿನ ಪ್ಯಾಕೇಜ್ ಬೇಕು, ಅದಕ್ಕೆ ಅಕ್ಷರ ಜೋಡಿಸುವ ಇನ್ನೊಂದು ಬೇಕು, ಅದಕ್ಕೆ ಮತ್ತೊಂದು. ಇಂಟರ್ನೆಟ್ ಇದ್ದಿದ್ದರೆ ತಾನೇ ಎಲ್ಲರನ್ನೂ ಕರೆತರುತ್ತಿತ್ತು. ಇಲ್ಲಿ ಅಕ್ಕನೇ ಮೇಲೆ ಹತ್ತು, ಕೆಳಗೆ ಇಳಿ. ಮೊಣಕಾಲು ಪದ ಹೇಳಿತು.

"ಅಕ್ಕಾ, ಹೊಸ ಮದುಮಗಳ ಹಾಗೆ ಮಹಡಿ ಹತ್ತಿ ಇಳೀತಿದೀಯಲ್ಲ, ಏನು ಸಮಾಚಾರ?" ಅಂತ ಗಾಳಿ ಮೆಟ್ಟಿಲ ಬುಡದಲ್ಲಿ ನಿಂತು ರೇಗಿಸಿದ.

"ನಿನ್ನ ಜೀವಕ್ಕೇ ಕಣೋ ಮುಂಡೇದೆ," ಅಂದಳು ಅವಳು, ಏದುಸಿರು ಬಿಡುತ್ತ.

ನೆಂಟರೆಲ್ಲ ಬಂದು ಸೇರಿದ ಮೇಲೆ ಸನ್ಯಾಸಿ ಇನ್ನೊಂದು ತಕರಾರು ತೆಗೆದ. 'ಈ ಕೈಪಿಡಿ ನನ್ನಲ್ಲಿರುವ ಲೈಬ್ರರಿಯ ಆವೃತ್ತಿಯದಲ್ಲ, ಹಾಕುವುದಿಲ್ಲ.' ಹೌದಲ್ಲ, ಮೇಲಿನದು ಹೊಸ ಕಂಪ್ಯೂಟರು. ಅದು ತನ್ನ ಕಾಲದ ಕೈಪಿಡಿಯನ್ನೇ ಇಳಿಸಿಕೊಂಡಿತ್ತು. ಹಳೆಯ ಆವೃತ್ತಿಯದನ್ನು ಹುಡುಕಿದಳು, ಸಿಗಲಿಲ್ಲ. ಅಕ್ಕ ಬೆರಳನ್ನು ಕೀಲಿಮಣೆಯ ಮೇಲಿಟ್ಟುಕೊಂಡು ಯೋಚಿಸಿದಳು. ಬೇಡ ಅಂದರೂ ಬಲವಂತದಿಂದ ಹಾಕುವ ಆಜ್ಞೆ ಒಂದಿದೆ, ಎಲ್ಲರಿಗೂ ಗೊತ್ತು, ಎಲ್ಲರೂ ಹೆದರುತ್ತಾರೆ. ಪ್ರೋಗ್ರಾಮಾಗಿದ್ದರೆ ಅವಳು ಸತ್ತರೂ ಅದನ್ನು ಬಳಸುತ್ತಿರಲಿಲ್ಲ. ಆದರೆ ಇದು ಪುಸ್ತಕ. ಓಡುವುದಿಲ್ಲ, ಏನನ್ನೂ ಮುಟ್ಟುವುದಿಲ್ಲ, ಸುಮ್ಮನೆ ಬಿದ್ದಿರುತ್ತದೆ. ಪುಸ್ತಕದಿಂದ ಯಾರಿಗೆ ಏನು ಕೇಡು? ಅಂದುಕೊಂಡು ಬಲವಂತದ ಆಜ್ಞೆ ಕೊಟ್ಟಳು. ಅಯ್ಯೋ ಪುಣ್ಯಾತ್ಗಿತ್ತಿ! ಸನ್ಯಾಸಿ ಮರುಮಾತಾಡದೆ ನುಂಗಿದ.

ಕೈಪಿಡಿಯ ಪುಟ ತೆರೆದುಕೊಂಡಿತು. ಅವಳು ಹಸಿದವಳ ಹಾಗೆ ಓದಿದಳು, ತಲೆಯಿಂದ ಬುಡದ ತನಕ. ತಡೆಯುವ ಕಾಲವನ್ನು ನಿಮಿಷಗಳಲ್ಲಿ ಕೊಡಬೇಕು ಅಂತ ಸ್ಪಷ್ಟವಾಗಿ ಇತ್ತು. ಬುಡದಲ್ಲಿ ಸಣ್ಣದೊಂದು ಸೂಚನೆ: ಹಿಂದಿನ ಆವೃತ್ತಿಗಳಲ್ಲಿ ಇದು ಸೆಕೆಂಡುಗಳಲ್ಲಿತ್ತು, ಈ ಆವೃತ್ತಿಯಿಂದ ಬದಲಾಗಿದೆ. ಅದನ್ನೂ ಓದಿದಳು. ಓದಿದಳು ಮಾರಾಯರೇ, ಬಿಡಲಿಲ್ಲ! 'ಪಾಪ, ಹಿಂದೆ ಎಷ್ಟು ಜನ ಏಮಾರಿದ್ದರೋ' ಅಂತ ನಕ್ಕಳು ಕೂಡ. ಅವಳ ಲೆಕ್ಕದಲ್ಲಿ ಡಬ್ಬದೊಳಗಿನ ಪುಸ್ತಕ ಯಾವತ್ತೂ ಆ ಡಬ್ಬದ ಯಂತ್ರದ್ದೇ. ಜೀವಮಾನವಿಡೀ ಅದು ಸುಳ್ಳಾಗಿರಲಿಲ್ಲ. ಈ ಪುಸ್ತಕವನ್ನು ಈ ಡಬ್ಬಕ್ಕೆ ತಾನೇ ತುರುಕಿದ್ದು ಅನ್ನುವುದು, ಓದುವ ಸುಖದಲ್ಲಿ, ಅವಳಿಗೆ ನೆನಪೇ ಆಗಲಿಲ್ಲ.

ಗಾಳಿ ಇಳಿದು ಕೆಸರು ಬಾಚಿ ಹತ್ತಲು ಒಂದು ಗಂಟೆ ಸಾಕು. ಇರಲಿ ಅಂತ ಅರ್ಧ ಗಂಟೆ ಸೇರಿಸಿ, ಹೊತ್ತು ಅನ್ನುವಲ್ಲಿ ತೊಂಬತ್ತು ಅಂತ ಬರೆದಳು.

ಆದರೂ ಮನಸ್ಸು ಒಪ್ಪಲಿಲ್ಲ. ಬಾಗಿಲಿಗೆ ಇನ್ನೂ ತಂತಿ ಎಳೆದಿರಲಿಲ್ಲ, ಪ್ರೋಗ್ರಾಮು ನಡೆಸಿದರೆ 'ಬಾಗಿಲು ಕಾಣುತ್ತಿಲ್ಲ' ಅಂತ ನಿಂತುಬಿಡುತ್ತಿತ್ತು. ತಂತಿ ಎಳೆದದ್ದು ತೊಳೆಯುವ ದಿನದ ಹಿಂದಿನ ಸಂಜೆ. ಅಕ್ಕ ಸಾಹೇಬರ ಮೇಜಿನ ಮುಂದೆ ನಿಂತಳು.

"ಸಾರ್, ಒಂದ್ಸಲ ಸುಮ್ನೆ ಮುಚ್ಚಿ ನೋಡ್ಬೇಕು. ಯಾರೂ ಒಳಗಿಲ್ಲದೇ ಇದ್ದಾಗ."

"ಈಗ ಮುಚ್ಚಿದ್ರೆ ಊರಿಗೆಲ್ಲ ನೀರು ನಿಲ್ಲುತ್ತಮ್ಮಾ. ಫೋನು ಎತ್ತಿ ಎತ್ತಿ ನನ್ನ ಕಿವಿ ತೂತಾಗುತ್ತೆ. ಹೇಗಿದ್ರೂ ನಾಳೆ ಮುಚ್ಚಲೇಬೇಕಲ್ಲ, ಆಗಲೇ ನೋಡಿ. ಸರಿ ಇದ್ರೆ ಇಳೀಲಿ, ಇಲ್ದಿದ್ರೆ ಬೇಡ."

ಮಾತು ನ್ಯಾಯವಾಗಿಯೇ ಇತ್ತು. ಅವಳು ತಲೆಯಾಡಿಸಿ ಬಂದಳು.

ಬರುವ ನೀರೂ ನಿಲ್ಲದ ಹಾಗೆ ತಳದ ತೂಬು ತೆರೆದಿಟ್ಟಿದ್ದರಿಂದ ಬೆಳಿಗ್ಗೆ ತೊಟ್ಟಿ ಖಾಲಿಯಾಗಿತ್ತು; ಬಾಗಿಲು ಮುಚ್ಚಿದ ಮೇಲೆ, ಕೆಸರು ಕೊಳವೆಗೆ ಹೋಗದಂತೆ ತೂಬನ್ನೂ ಮುಚ್ಚುವುದು ವಾಡಿಕೆ. ಸದಾ ತುಂಬಿರುತ್ತಿದ್ದ ಗೋಡೆಯ ಹಿಂದೆ ಈಗ ಏನೂ ಇಲ್ಲ. ಆ ಕೋಣೆಯಲ್ಲಿ ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತಿತ್ತು, ಕುರ್ಚಿ ಎಳೆದರೆ ಯಾರೋ ನರಳಿದ ಹಾಗೆ. ಗಾಳಿ ಉದ್ದನೆಯ ಬೂಟು ಹಾಕಿಕೊಂಡು ಬಾಗಿಲಲ್ಲಿ ಇಣುಕಿದ.

"ಅಕ್ಕಾ, ಮುಚ್ಚು. ಬೇಗ ಮುಗಿಸಿ ಮಗೂನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು."

"ಆತುರಗಾರನಿಗೆ ಬುದ್ಧಿ ಮಟ್ಟ. ಹೊಸ ಬಾಗಿಲು ಕಣೋ, ಮುಚ್ಚಿದ ತಕ್ಷಣ ಇಳೀಬೇಡ. ಸ್ವಲ್ಪ ಹೊತ್ತು ಕಾದು ನೋಡಿ ಇಳಿ."

"ತಾಳಿದವನು ಬಾಳಿಯಾನು, ಅಷ್ಟೇ ತಾನೆ? ಕಾಯ್ತೀನಿ ಮಹಾರಾಯ್ತಿ, ಕಾಯ್ತೀನಿ." ಬೂಟು ಟಪಟಪ ಅನ್ನಿಸುತ್ತ ಮೆಟ್ಟಿಲು ಹತ್ತಿ ಹೋದ. ಕಿಟಕಿಯಲ್ಲಿ ಅವನ ಪಾದ ದಾಟಿದ್ದು ಕಂಡಿತು.

ಅಕ್ಕ ಆಜ್ಞೆ ಕೊಟ್ಟಳು. ಮೋಟಾರು ಗೊಣಗಿ ಬಾಗಿಲು ಕೆಳಗಿಳಿಯಿತು. ಪರದೆಯ ಮೇಲೆ 'ತಡೆ ಜಾರಿಯಲ್ಲಿದೆ' ಅಂತ ಬಂತು. ಮುಚ್ಚಿದೆ ಅಂತ ಮೇಲಿನವರಿಗೆ ತಿಳಿಸಲು ಸೈರನ್ ಒತ್ತಿದಳು. ಅವಳ ಮನಸ್ಸಿನಲ್ಲಿದ್ದದ್ದು ಕಾಲು ಗಂಟೆ. ಕಾಲು ಗಂಟೆ ಬಾಗಿಲು ಅಲ್ಲಾಡದಿದ್ದರೆ ತಾನೇ ಹೋಗಿ 'ಇಳಿ' ಅನ್ನುವುದು, ಅಲ್ಲಿಯ ತನಕ ಅವನು ಕಾಯುತ್ತಾನೆ. ಕೈಕಟ್ಟಿ ಪರದೆಯನ್ನೇ ನೋಡುತ್ತ ಕೂತಳು. ಎಲ್ಲ ಸರಿಯಾಗಿತ್ತು.

ಆಮೇಲೆ ಆ ಸಾಲು ಪರದೆಯಿಂದ ಅಳಿಸಿಹೋಯಿತು.

ಯಾವ ದೋಷವೂ ಇಲ್ಲ, ಎಚ್ಚರಿಕೆಯೂ ಇಲ್ಲ. ಕೆಲಸ ಮುಗಿಯಿತು ಅನ್ನುವ ಹಾಗೆ ಸದ್ದಿಲ್ಲದೆ ಹೋಯಿತು. ಮೇಲೆ ಮೋಟಾರು ಮತ್ತೆ ಗೊಣಗಲು ಶುರುವಾಯಿತು. ಅಕ್ಕ ಮತ್ತೆ 'ತಡೆ' ಅಂತ ಹೊಡೆದಳು. ಅರ್ಧ ದಾರಿಯಲ್ಲಿ ತಿರುಗುವ ಬಾಗಿಲಲ್ಲ ಅದು, ಪೂರ್ತಿ ತೆರೆದೇ ಮತ್ತೆ ಮುಚ್ಚುವುದು. ಬೆನ್ನ ಹಿಂದಿನ ಗೋಡೆಯಲ್ಲಿ ನೀರು ಬಿದ್ದ ಸದ್ದು ಬಂತು. ಕಾದಿರುತ್ತಾನೆ, ಇಳಿದಿರುವುದಿಲ್ಲ, ಕಾಯಿ ಅಂದಿದ್ದೆ, ಅಂತ ಬಾಯಲ್ಲಿ ಅಂದುಕೊಳ್ಳುತ್ತಲೇ ಮೆಟ್ಟಿಲು ಹತ್ತಿ ಓಡಿದಳು.

ತೊಟ್ಟಿಯ ಬಾಯಲ್ಲಿ ಹಗ್ಗ ಹಿಡಿಯುವವನು ಒಬ್ಬನೇ ನಿಂತಿದ್ದ. ಹಗ್ಗ ಅವನ ಕೈಯಲ್ಲಿ ಸಡಿಲವಾಗಿ ಜೋತುಬಿದ್ದಿತ್ತು. ತಳ ಮುಟ್ಟಿದ ಕೂಡಲೇ ಗಾಳಿ ಅದನ್ನು ಸೊಂಟದಿಂದ ಬಿಚ್ಚಿದ್ದ, ಬಾಚುವಾಗ ಕಾಲಿಗೆ ತೊಡರುತ್ತದೆ ಅಂತ ಎಲ್ಲರೂ ಬಿಚ್ಚುತ್ತಿದ್ದರು. ಕೆಳಗೆ ಕಂದು ನೀರು ಗಿರ್ರನೆ ಸುತ್ತುತ್ತಿತ್ತು, ಅಷ್ಟೇ.

"ಕಾದ್ವಿ ಅಕ್ಕಾ," ಅಂದ ಹಗ್ಗದವನು. "ಸೈರನ್ ಆದ ಮೇಲೂ ನಿಂತಿದ್ದ. ಸಿಗರೇಟು ಹಚ್ಚಿ ನಾಲ್ಕು ದಮ್ಮು ಎಳೆದ. ಬಾಗಿಲು ಗಟ್ಟಿ ಇದೆ, ಅಕ್ಕ ಹೇಳಿದಷ್ಟು ಕಾದೆನಪ್ಪಾ, ಅಂತ ಅಂದು ಇಳಿದ."

ತಳದ ತೂಬು ಮತ್ತೆ ತೆರೆದು, ನೀರು ಖಾಲಿಯಾಗಿ, ಅವನನ್ನು ಮೇಲೆ ತಂದಾಗ ಅಕ್ಕ ಅಲ್ಲೇ ಇದ್ದಳು. ಮುಖದ ಕೆಸರನ್ನು ಸೆರಗಿನಿಂದ ಅವಳೇ ಒರೆಸಿದಳು.

ಏನಾಯಿತು ಅಂತ ಅವಳಿಗೆ ತಿಳಿಯಲು ಬಹಳ ಸಮಯ ಬೇಕಾಗಲಿಲ್ಲ. ಮಧ್ಯಾಹ್ನ ಸನ್ಯಾಸಿಯ ಮುಂದೆ ಕೂತು, ನಿನ್ನ ಲೈಬ್ರರಿ ಯಾವ ಆವೃತ್ತಿ ಅಂತ ಕೇಳಿದಳು. ಹೇಳಿತು. ಕೈಪಿಡಿಯ ಬುಡ ತೆರೆದಳು. ಅಲ್ಲಿದ್ದ ಆವೃತ್ತಿ ಬೇರೆ. ಪುಸ್ತಕ ಸುಳ್ಳು ಹೇಳಿರಲಿಲ್ಲ, ಯಂತ್ರವೂ ತಪ್ಪಿರಲಿಲ್ಲ. ತೊಂಬತ್ತು ನಿಮಿಷ ಅಂತ ಇವಳು ಅಂದದ್ದನ್ನು ಅದು ತೊಂಬತ್ತು ಸೆಕೆಂಡು ಅಂತ ತಿಳಿದು, ಚಾಚೂ ತಪ್ಪದೆ ನಡೆಸಿತ್ತು. ಸಾಹೇಬರು ಬಾಗಿಲಲ್ಲಿ ನಿಂತು, "ಯಂತ್ರ ಕೈಕೊಟ್ಟಿತು ಅಂತ ಬರೆಯೋಣಮ್ಮಾ," ಅಂದರು, ಒಳ್ಳೆಯ ಮನಸ್ಸಿನಿಂದಲೇ. "ಬೇಡ ಸಾರ್. ನಾನು ತಪ್ಪು ಪುಸ್ತಕ ಹಾಕ್ದೆ," ಅಂದಳು ಅವಳು. ಸಾಹೇಬರಿಗೆ ಅರ್ಥವಾಯಿತೋ ಇಲ್ಲವೋ, ಮೆಟ್ಟಿಲು ಹತ್ತಿ ಹೋದರು.

ಜನ ಬರುವುದು ನಿಂತ ಮೇಲೆ ಅವಳು ತಮ್ಮನ ಮನೆಗೆ ಹೋದಳು. ಹೇಳಲೇಬೇಕಿತ್ತು. ಮಗು ಚಾಪೆಯ ಮೇಲೆ ಮಲಗಿತ್ತು. ಅವನ ಹೆಂಡತಿ ಗೋಡೆಗೊರಗಿ ಕೂತಿದ್ದಳು. ಅಕ್ಕ ಎದುರಿಗೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು: ಹಳೆಯ ಯಂತ್ರ, ಹೊಸ ಪುಸ್ತಕ, ಬಲವಂತದಿಂದ ಹಾಕಿದ್ದು, ನಿಮಿಷ, ಸೆಕೆಂಡು. ಏನನ್ನೂ ಮುಚ್ಚಿಡಲಿಲ್ಲ. ಪುಸ್ತಕದ ಮಾತು ಆ ಹೆಣ್ಣಿನ ತಲೆಗೆ ಹೋದ ಹಾಗೆ ಕಾಣಲಿಲ್ಲ. ಅವಳಿಗೆ ಬೇಕಾಗಿದ್ದದ್ದೇ ಬೇರೆ.

"ಅಕ್ಕಾ, ಎಲ್ಲರೂ ಅಂತಾರೆ, ಅವರದು ಅವಸರದ ಸ್ವಭಾವ, ಕಾಯದೆ ಇಳಿದು ಸತ್ರು ಅಂತ. ನೀವು ಕಾಯೋಕೆ ಹೇಳಿದ್ರಂತಲ್ಲ. ಅವರು ನಿಮ್ಮ ಮಾತು ಮೀರಿದ್ರಾ?"

"ಇಲ್ಲಮ್ಮಾ. ಕಾದ. ಹೇಳಿದ ಹಾಗೆ ಕಾದ."

"ಮತ್ತೆ? ಎಷ್ಟು ಕಾಯಬೇಕು ಅಂತ ಹೇಳಿದ್ರಿ?"

ಅಕ್ಕ ಮಗುವಿನ ಕಡೆ ನೋಡಿದಳು. ಆಮೇಲೆ ಇವಳ ಮುಖ ನೋಡಿಯೇ ಹೇಳಿದಳು.

"ಸ್ವಲ್ಪ ಹೊತ್ತು ಅಂದೆ."